ಹೊರನಾಡಿನಲ್ಲಿ ಆರು ತಿಂಗಳ ವ್ಯಾಸಂಗ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಎರಡನ್ನೂ ಒಟ್ಟಿಗೆ ಮಾಡುವ ಅನುಕೂಲ ಹೆಚ್ಚು ಜನಕ್ಕೆ ಇರಲಿಲ್ಲವಾದುದರಿಂದಲೇ ‘ಇಲ್ಲವೆ’ ಎಂಬ ಪದ ಆ ಗಾದೆಯಲ್ಲಿ ಸೇರಿಕೊಂಡಿರಬೇಕು. ಈಗಲಾದರೋ ಎರಡನ್ನೂ ಒಂದೇ ಯಾತ್ರೆಯಲ್ಲಿ ಸಾಧಿಸುವ ಮಾರ್ಗವೊಂದು ನಮ್ಮ ಮಕ್ಕಳಿಗೆ ತೆರೆದಿದೆ. ಇಲ್ಲಿಯ ಕಾಲೇಜಿನಲ್ಲಿ ಹೆಸರನ್ನು ಉಳಿಸಿಕೊಂಡೇ ಒಂದು ಸೆಮಿಸ್ಟರಿನ ಮಟ್ಟಿಗೆ ಹೊರದೇಶದ ವಿಶ್ವವಿದ್ಯಾನಿಲಯಕ್ಕೆ ಹೋಗಿ ಓದಿ, ಅಲ್ಲಿಯ ಪರೀಕ್ಷೆಗಳನ್ನು ಮುಗಿಸಿ, ಮರಳಿ ಬಂದು ಇಲ್ಲಿಯ ಪದವಿಯನ್ನು ಪಡೆಯುವುದೇ ಆ ಮಾರ್ಗ.

ಇಂತಹ ಅವಕಾಶದ ಸುದ್ದಿ ಮನೆಗೆ ಬಂದಾಗ ಮನೆಯವರೆಲ್ಲರೂ ಒಂದೇ ರೀತಿಯಾಗಿ ಯೋಚಿಸುವುದಿಲ್ಲ. ತಂದೆಯ ಮನಸ್ಸು ಹಣದ ಕಡೆಗೆ ಓಡುತ್ತದೆ. ತಾಯಿಯದು ಊಟದ ಕಡೆಗೂ ಚಳಿಯ ಕಡೆಗೂ. ಅಜ್ಜಿಗೆ ದೂರದ ಚಿಂತೆ. ಹೋಗಬೇಕಾದ ಮಗನೋ ಮಗಳೋ ಮನಸ್ಸಿನಲ್ಲಿ ಆಗಲೇ ವಿಮಾನವನ್ನೇರಿ ಆಗಿರುತ್ತದೆ. ಇವರಲ್ಲಿ ಯಾರ ಯೋಚನೆಯೂ ತಪ್ಪಲ್ಲ. ಆದರೆ ಯಾವುದೊಂದೂ ಪೂರ್ಣವಲ್ಲ. ಭಯಕ್ಕೂ ಪ್ರತಿಷ್ಠೆಗೂ ಎಡೆಗೊಡದೆ, ಅಕ್ಕಸಾಲಿಗನು ತ್ರಾಸಿನಲ್ಲಿ ತೂಗುವಂತೆ, ಇದರ ಲಾಭನಷ್ಟಗಳನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಸಮುದ್ರವನ್ನು ದಾಟಿ ಓದಲು ಹೋಗುವುದು ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಧರ್ಮಸೂಕ್ಷ್ಮದ ಪ್ರಶ್ನೆಯಾಗಿದ್ದಿತು. ೧೮೮೮ರ ಸೆಪ್ಟೆಂಬರಿನಲ್ಲಿ ಮೋಹನದಾಸ ಗಾಂಧಿ ಎಂಬ ತರುಣರು ಬ್ಯಾರಿಸ್ಟರ್ ಪರೀಕ್ಷೆಗಾಗಿ ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯ ಹಿರಿಯರು ಸಭೆ ಸೇರಿ ಬಹಿಷ್ಕಾರವನ್ನು ವಿಧಿಸಿದರು. ತಾಯಿ ಪುತಲೀಬಾಯಿಯವರಾದರೋ ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ಮಗನಿಂದ ವಚನವನ್ನು ತೆಗೆದುಕೊಂಡ ಮೇಲೆ ಒಪ್ಪಿಗೆ ಕೊಟ್ಟರು. ಜಾತಿಯ ಹಿರಿಯರ ನಿಷೇಧ ಇಂದು ಕೇವಲ ಚರಿತ್ರೆಯ ಮಾತು. ಆದರೆ ಆ ತಾಯಿಯ ಕಳವಳ ಇಂದಿಗೂ ಪ್ರತಿಯೊಂದು ಮನೆಯಲ್ಲಿಯೂ ಇದೆ. ಮಗು ಹೋದಂತೆಯೇ ಹಿಂದಿರುಗಿ ಬರುವುದೆ ಎಂಬುದೇ ಆ ಕಳವಳದ ತಿರುಳು.

ಆಗಿನ ಕಾಲದಲ್ಲಿ ಹೋದವರು ವರ್ಷಗಟ್ಟಲೆ ಹೋಗುತ್ತಿದ್ದರು. ಅಲ್ಪಾವಧಿಯ ವ್ಯಾಸಂಗವೆಂಬ ಏರ್ಪಾಡು ಈಚಿನದು. ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ರೇಮಂಡ್ ಕರ್ಕ್‌ಬ್ರೈಡ್ ಎಂಬವರು, ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಮಾಡಿ ಬಂದವರು, ೧೯೨೩ರಲ್ಲಿ ಎಂಟು ಮಂದಿ ವಿದ್ಯಾರ್ಥಿಗಳನ್ನು ಫ್ರಾನ್ಸಿಗೆ ಕರೆದುಕೊಂಡು ಹೋದರು. ಅಲ್ಲಿ ಓದಿದುದು ಇಲ್ಲಿಯ ಪದವಿಗೆ ಸಲ್ಲಬೇಕೆಂಬ ತತ್ತ್ವಕ್ಕೆ ಅಮೆರಿಕದಲ್ಲಿ ನಾಂದಿಯಾದುದು ಆ ಯಾತ್ರೆಯೇ. ಯೂರೋಪಿನಲ್ಲಿ ೧೯೮೭ರಲ್ಲಿ ‘ಎರಾಸ್ಮಸ್’ ಎಂಬ ಯೋಜನೆ ಆರಂಭವಾಯಿತು. ಊರಿಂದೂರಿಗೆ ಸಂಚರಿಸಿ ವಿದ್ಯೆಯನ್ನು ಗಳಿಸಿದ ಹಾಲೆಂಡಿನ ಹಳೆಯ ಪಂಡಿತನ ಹೆಸರದು. ಮೊದಲನೆಯ ವರ್ಷದಲ್ಲಿ ಹನ್ನೊಂದು ದೇಶಗಳ ೩,೨೪೪ ವಿದ್ಯಾರ್ಥಿಗಳು ಹೋಗಿ ಬಂದರು. ಆ ಬಳಿಕ ಹೋದವರನ್ನು ಲಕ್ಷಗಳಲ್ಲಿ ಎಣಿಸಬೇಕಾಗಿದೆ. ೨೦೧೫ರಿಂದ ಈಚೆಗೆ ಭಾರತವೂ ಸೇರಿದಂತೆ ಹೊರಗಿನ ದೇಶಗಳ ವಿದ್ಯಾರ್ಥಿಗಳಿಗೂ ಆ ಯೋಜನೆಯಲ್ಲಿ ಎಡೆ ದೊರೆತಿದೆ.

ಸೆಮಿಸ್ಟರ್ ಎಂಬ ಶಬ್ದ ಲ್ಯಾಟಿನ್ ಭಾಷೆಯದು. ಆರು ಎಂಬುದೂ ತಿಂಗಳು ಎಂಬುದೂ ಕೂಡಿ ಆದ ಪದ. ನಮ್ಮ ‘ಷಣ್ಮಾಸ’ ಅದಕ್ಕೆ ದೂರದ ನಂಟಿನ ಸೋದರನೆಂದೇ ಹೇಳಬಹುದು. ಆರು ತಿಂಗಳು ಮನುಷ್ಯನ ಆಯುಸ್ಸಿನಲ್ಲಿ ಬಹಳ ದೊಡ್ಡ ಕಾಲವೇನಲ್ಲ. ಆದರೆ ಇಪ್ಪತ್ತು ವರ್ಷದ ಪ್ರಾಯದಲ್ಲಿ ಅದು ಸಣ್ಣ ಕಾಲವೂ ಅಲ್ಲ.

ಮೊದಲು ಇದರ ಕ್ರಮವನ್ನು ತಿಳಿದುಕೊಳ್ಳೋಣ. ಇದರಲ್ಲಿ ಎರಡು ಬಗೆಗಳುಂಟು. ಒಂದನೆಯದು ವಿನಿಮಯ. ನಮ್ಮ ಕಾಲೇಜಿಗೂ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೂ ಒಪ್ಪಂದವಿದ್ದು, ವಿದ್ಯಾರ್ಥಿಯು ಇಲ್ಲಿಯ ಶುಲ್ಕವನ್ನೇ ಇಲ್ಲಿ ತೆತ್ತು, ಅಲ್ಲಿ ಪಾಠದ ಶುಲ್ಕವಿಲ್ಲದೆ ಓದುತ್ತಾನೆ. ಅಲ್ಲಿಂದಲೂ ಅದೇ ರೀತಿ ವಿದ್ಯಾರ್ಥಿಗಳು ಇಲ್ಲಿಗೆ ಬರಬಹುದು. ಎರಡನೆಯದು, ಒಪ್ಪಂದದ ವಿನಿಮಯವಿಲ್ಲದೆ ಅಲ್ಲಿಯ ಪೂರ್ಣ ಶುಲ್ಕವನ್ನು ಕೊಟ್ಟು ಹೋಗುವುದು. ಹೊರನೋಟಕ್ಕೆ ಎರಡೂ ಒಂದೇ ಆಗಿ ಕಂಡರೂ ಮನೆಯ ಬೊಕ್ಕಸಕ್ಕೆ ಇವುಗಳೊಳಗಿನ ಅಂತರ ಬಹು ದೊಡ್ಡದು. ಆದುದರಿಂದ ಹಿರಿಯರು ಕೇಳಬೇಕಾದ ಮೊದಲನೆಯ ಪ್ರಶ್ನೆ ‘ಯಾವ ದೇಶ?’ ಎಂಬುದಲ್ಲ, ‘ಯಾವ ಬಗೆ?’ ಎಂಬುದು.

ಈಗ ಲಾಭಗಳನ್ನು ನೋಡೋಣ. ಮೊದಲನೆಯದು ವಿದ್ಯೆಯ ರೀತಿ. ಜರ್ಮನಿಯ ಉದಾಹರಣೆಯನ್ನು ತೆಗೆದುಕೊಂಡರೆ, ಅಲ್ಲಿ ಉಪನ್ಯಾಸದ ಜೊತೆಗೆ ಸೆಮಿನಾರ್ ಎಂಬ ಸಣ್ಣ ಗೋಷ್ಠಿಗಳಿಗೆ ಹೆಚ್ಚಿನ ಬೆಲೆ. ವಿದ್ಯಾರ್ಥಿಯು ತಾನೇ ಗ್ರಂಥಗಳನ್ನು ಹುಡುಕಿ ಓದಿ, ಎಲ್ಲರೆದುರಿಗೆ ವಿಷಯವನ್ನು ಮಂಡಿಸಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಯೂರೋಪಿನ ಪದ್ಧತಿಯಲ್ಲಿ ಒಂದು ಸೆಮಿಸ್ಟರಿಗೆ ೩೦ ಕ್ರೆಡಿಟ್ಟುಗಳು. ಒಂದೊಂದು ಕ್ರೆಡಿಟ್ಟಿಗೆ ೨೫ರಿಂದ ೩೦ ಗಂಟೆಗಳ ದುಡಿಮೆಯೆಂದು ಲೆಕ್ಕ. ಎಂದರೆ ಒಟ್ಟು ೭೫೦ರಿಂದ ೯೦೦ ಗಂಟೆಗಳಾದುವು. ಇದರಲ್ಲಿ ಪಾಠದ ಕೊಠಡಿಯಲ್ಲಿ ಕಳೆಯುವ ಹೊತ್ತು ಸ್ವಲ್ಪವೇ. ಮಿಕ್ಕುದೆಲ್ಲ ವಿದ್ಯಾರ್ಥಿಯ ಸ್ವಪ್ರಯತ್ನ. ಟಿಪ್ಪಣಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗುವ ಅಭ್ಯಾಸವಿದ್ದವನಿಗೆ ಇದು ಕಷ್ಟವೆನಿಸಿದರೂ, ಒಮ್ಮೆ ಅಂಟಿದರೆ ಜೀವಮಾನವೆಲ್ಲ ಉಪಕಾರಕ್ಕೆ ಬರುವ ಕಷ್ಟ.

ಎರಡನೆಯದು ಸ್ವಾವಲಂಬನ. ಬಟ್ಟೆ ಒಗೆಯುವುದು, ಅಡಿಗೆ ಮಾಡುವುದು, ತಿಂಗಳ ಹಣವನ್ನು ತಿಂಗಳ ಕೊನೆಯವರೆಗೆ ಸಾಗಿಸುವುದು, ಸರಕಾರದ ಕಚೇರಿಯಲ್ಲಿ ತನ್ನ ಕಾಗದಪತ್ರಗಳನ್ನು ತಾನೇ ಒಪ್ಪಿಸುವುದು, ಇವೆಲ್ಲವನ್ನೂ ಅಲ್ಲಿ ಕಲಿಯದೆ ಗತ್ಯಂತರವಿಲ್ಲ. ಜರ್ಮನಿಯಲ್ಲಿ ಭಾನುವಾರದ ದಿನ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಶನಿವಾರವೇ ಹಾಲು ತರಕಾರಿಗಳನ್ನು ತಂದಿಟ್ಟುಕೊಳ್ಳಲು ಮರೆತವನಿಗೆ ಮನೆವಾರ್ತೆ ನಡೆಯಿಸುವ ಅಮ್ಮನ ಕಷ್ಟ ಚೆನ್ನಾಗಿ ತಿಳಿಯುತ್ತದೆ. ಇದನ್ನು ಯಾವ ಪಠ್ಯಪುಸ್ತಕವೂ ಕಲಿಸದು.

ಮೂರನೆಯದು ಭಾಷೆ. ಜರ್ಮನಿಯಿಂದ ೧೮೫೩ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲ್ ಅವರು ಕನ್ನಡವನ್ನು ನಮ್ಮವರ ನಡುವೆ ಇದ್ದು ಕಲಿತು, ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾಕೋಶವನ್ನು ನಮಗೆ ಕೊಟ್ಟರು. ಪರಭಾಷೆ ಅದನ್ನಾಡುವ ಜನರ ಅಂಗಳದಲ್ಲಿಯೇ ಚೆನ್ನಾಗಿ ಬರುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಡ. ಕಿಟ್ಟೆಲ್ ಅವರು ನಾಲ್ಕು ದಶಕ ಶ್ರಮಿಸಿದರು, ನಿಜ. ಆರು ತಿಂಗಳಲ್ಲಿ ಪಾಂಡಿತ್ಯ ಬಾರದು. ಆದರೆ ಮೊದಲೇ ಅಕ್ಷರವನ್ನೂ ಅಲ್ಪಸ್ವಲ್ಪ ವ್ಯಾಕರಣವನ್ನೂ ಕಲಿತು ಹೋದವನಿಗೆ ನಾಲಗೆಯ ಬಿಗುಹು ಸಡಿಲುವುದಕ್ಕೆ ಆ ಕಾಲ ಸಾಲುತ್ತದೆ.

ನಾಲ್ಕನೆಯ ಲಾಭ ಕಣ್ಣಿಗೆ ಸಂಬಂಧಪಟ್ಟುದು. ಸರ್ ಸಿ. ವಿ. ರಾಮನ್ ಅವರು ೧೯೨೧ರಲ್ಲಿ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಇದ್ದುದು ಅಲ್ಪಕಾಲ. ಆದರೆ ಹಡಗಿನ ಮೇಲಿಂದ ನೋಡಿದ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಹಿಡಿಯಿತು; ನೀರು ಬೆಳಕನ್ನು ಚದರಿಸುವ ಬಗೆಯನ್ನು ಕುರಿತು ಅವರು ನಡೆಯಿಸಿದ ಶೋಧನೆ ೧೯೨೮ರಲ್ಲಿ ‘ರಾಮನ್ ಪರಿಣಾಮ’ವಾಗಿ ಫಲಿಸಿತು. ಆ ಸಮುದ್ರವನ್ನು ಅವರಿಗಿಂತ ಮೊದಲು ಎಷ್ಟು ಸಾವಿರ ಜನ ದಾಟಿರಲಿಲ್ಲ! ಯಾತ್ರೆ ಚಿಕ್ಕದಾದರೂ ಸಿದ್ಧವಾದ ಮನಸ್ಸಿಗೆ ಅದು ಸಾಕು. ಸಿದ್ಧವಿಲ್ಲದ ಮನಸ್ಸಿಗೆ ಹತ್ತು ವರ್ಷವೂ ಸಾಲದು.

ಇನ್ನು ತ್ರಾಸಿನ ಮತ್ತೊಂದು ತಟ್ಟೆಗೆ ಬರೋಣ. ಮೊದಲನೆಯದು ಹಣ. ಜರ್ಮನಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಪಾಠದ ಶುಲ್ಕವಿಲ್ಲವೆಂಬುದನ್ನು ಕೇಳಿ ಅನೇಕರು ಎಲ್ಲವೂ ಧರ್ಮಾರ್ಥವೆಂದು ತಿಳಿಯುತ್ತಾರೆ. ಆದರೆ ಊಟ ವಸತಿಗಳಿಗೆ ಹಣವುಂಟೆಂದು ವೀಸಾ ಪಡೆಯುವಾಗಲೇ ತೋರಿಸಬೇಕು. ಇದಕ್ಕಾಗಿ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಮುಂಗಡವಾಗಿ ಹಣವಿಟ್ಟು, ತಿಂಗಳು ತಿಂಗಳಿಗೆ ಇಷ್ಟೇ ಎಂದು ತೆಗೆದುಕೊಳ್ಳುವ ಪದ್ಧತಿಯಿದೆ. ೨೦೨೪ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ ೯೯೨ ಯೂರೊ. ಆರು ತಿಂಗಳಿಗೆ ೫,೯೫೨ ಯೂರೊ. ಯೂರೊ ಒಂದಕ್ಕೆ ನೂರು ರೂಪಾಯಿಯಂತೆ ಹಿಡಿದರೆ ಹತ್ತಿರ ಹತ್ತಿರ ಆರು ಲಕ್ಷ ರೂಪಾಯಿಗಳಾದುವು. ವಿನಿಮಯದ ದರ ಹತ್ತು ರೂಪಾಯಿ ಏರಿದರೆ ಮತ್ತೆ ಅರವತ್ತು ಸಾವಿರದಷ್ಟು ಹೆಚ್ಚುತ್ತದೆ. ವಿಮಾನದ ವೆಚ್ಚ, ಆರೋಗ್ಯದ ವಿಮೆ, ವೀಸಾ, ಬೆಚ್ಚನೆಯ ಉಡುಪು ಇವು ಬೇರೆ. ಖಾತೆಯಲ್ಲಿಟ್ಟ ಹಣ ಶುಲ್ಕವಲ್ಲ, ವಿದ್ಯಾರ್ಥಿಯದೇ ಸರಿ. ಮಿತವಾಗಿ ಬಾಳಿದರೆ ಸ್ವಲ್ಪ ಉಳಿಯಲೂಬಹುದು. ಆದರೆ ಹೊರಡುವ ಮೊದಲೇ ಅದನ್ನು ಹೊಂದಿಸಬೇಕೆಂಬುದನ್ನು ಮರೆಯಲಾಗದು.

ಅಲ್ಲಿ ಕೆಲಸ ಮಾಡಿ ಸಂಪಾದಿಸಿಕೊಳ್ಳಬಹುದಲ್ಲವೆ ಎಂದು ಕೆಲವರು ಕೇಳುತ್ತಾರೆ. ೨೦೨೪ರ ಮಾರ್ಚಿಯಿಂದ ಹೊರದೇಶದ ವಿದ್ಯಾರ್ಥಿಗಳು ಜರ್ಮನಿಯಲ್ಲಿ ವರ್ಷಕ್ಕೆ ೧೪೦ ಪೂರ್ಣ ದಿನಗಳವರೆಗೆ ದುಡಿಯಲು ಅನುಮತಿಯಿದೆ, ನಿಜ. ಆದರೆ ಓದಲು ಹೋದ ಆರೇ ತಿಂಗಳಲ್ಲಿ ಕೆಲಸ ಹುಡುಕುವುದಕ್ಕೂ ದುಡಿಯುವುದಕ್ಕೂ ದಿನಗಳನ್ನು ಕೊಟ್ಟರೆ, ಹೋದ ಕಾರ್ಯಕ್ಕೇ ಕಾಲವಿಲ್ಲದೆ ಹೋಗುವುದು. ಆ ಸಂಪಾದನೆಯನ್ನು ನಂಬಿ ಹೊರಡುವುದು ಬಾರದ ಮಳೆಯನ್ನು ನಂಬಿ ಬೀಜ ಬಿತ್ತಿದಂತೆ.

ಸಾಲ ಮಾಡಿ ಹೋಗಬಹುದೆ? ಪೂರ್ಣ ಪದವಿಗಾಗಿ ಸಾಲ ಮಾಡಿದವನು ಆ ಪದವಿಯಿಂದ ಬರುವ ಉದ್ಯೋಗದ ಮೇಲೆ ಆಸೆಯಿಡಬಹುದು. ಆರು ತಿಂಗಳ ವ್ಯಾಸಂಗದಿಂದ ಸಂಬಳ ಹೆಚ್ಚುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ತೀರಿಸಬೇಕಾದುದು ಇಲ್ಲಿಯ ಸಂಪಾದನೆಯಿಂದಲೇ. ಮನೆ ಒತ್ತೆಯಿಟ್ಟು, ತಂಗಿಯ ಓದಿಗೆಂದು ಕೂಡಿಸಿದುದನ್ನು ಮುರಿದು, ಅಣ್ಣನು ಆರು ತಿಂಗಳು ಹೋಗಿ ಬರುವುದು ಯಾವ ನ್ಯಾಯದಿಂದಲೂ ಸರಿಯಲ್ಲ. ಹಣ ನಡುವೆ ನಿಂತರೆ ಆಗುವ ಕಷ್ಟಕ್ಕೆ ಡಾಕ್ಟರ್ ಅಂಬೇಡ್ಕರರ ಉದಾಹರಣೆಯಿದೆ. ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ೧೯೧೩ರಲ್ಲಿ ಅಮೆರಿಕಕ್ಕೂ ಅಲ್ಲಿಂದ ಲಂಡನ್ನಿಗೂ ಹೋದ ಅವರು, ವೇತನದ ಅವಧಿ ಮುಗಿದುದರಿಂದ ೧೯೧೭ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಬೇಕಾಯಿತು; ಮತ್ತೆ ಹಣವನ್ನು ಕೂಡಿಸಿಕೊಂಡು ೧೯೨೦ರಲ್ಲಿ ಹೋಗಿ ಅದನ್ನು ಪೂರ್ಣಗೊಳಿಸಿದರು. ಅಂತಹ ಛಲ ಎಲ್ಲರಲ್ಲಿಯೂ ಇರುವುದಿಲ್ಲ. ಕೊನೆಯ ತಿಂಗಳಿನ ಖರ್ಚು ಮೊದಲನೆಯ ದಿನವೇ ಕೈಯಲ್ಲಿರಬೇಕು.

ಎರಡನೆಯ ತೊಡಕು ಪಂಚಾಂಗದ್ದು. ಜರ್ಮನಿಯ ಚಳಿಗಾಲದ ಸೆಮಿಸ್ಟರಿನಲ್ಲಿ ಪಾಠಗಳು ಅಕ್ಟೋಬರ್ ನಡುವೆ ಆರಂಭವಾಗಿ ಫೆಬ್ರವರಿ ನಡುವಿನವರೆಗೆ ನಡೆಯುತ್ತವೆ, ಆಮೇಲೆ ಪರೀಕ್ಷೆಗಳು. ನಮ್ಮಲ್ಲಿ ಬಹುಮಟ್ಟಿಗೆ ಒಂದು ಸೆಮಿಸ್ಟರ್ ಡಿಸೆಂಬರಿಗೆ ಮುಗಿದು ಇನ್ನೊಂದು ಜನವರಿ ಫೆಬ್ರವರಿಗಳಲ್ಲಿ ಮೊದಲಾಗುವುದರಿಂದ, ಚಳಿಗಾಲಕ್ಕೆ ಹೋದವನು ಇಲ್ಲಿಯ ಎರಡು ಸೆಮಿಸ್ಟರುಗಳ ಪಾಠಕ್ಕೂ ಎರವಾಗುವ ಸಂಭವವುಂಟು. ಬೇಸಿಗೆಯ ಸೆಮಿಸ್ಟರಾದರೋ ಏಪ್ರಿಲಿನಲ್ಲಿ ತೊಡಗಿ ಜುಲೈನಲ್ಲಿ ಮುಗಿಯುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ಇಲ್ಲಿ ಭಾಷೆಯನ್ನು ಕಲಿತು, ಏಪ್ರಿಲಿಗೆ ಹೋಗಿ, ಮುಂದಿನ ಸೆಮಿಸ್ಟರಿನ ಆರಂಭಕ್ಕೆ ಮರಳಬಹುದು. ಇಂಜಿನಿಯರಿಂಗ್ ಓದುವವರಿಗೆ ಉದ್ಯೋಗದ ಆಯ್ಕೆಗಾಗಿ ಕಂಪೆನಿಯವರು ಬಹುಮಟ್ಟಿಗೆ ಬರುವುದು ಏಳನೆಯ ಸೆಮಿಸ್ಟರಿನಲ್ಲಿ. ಆ ಕಾಲಕ್ಕೆ ಹೊರದೇಶದಲ್ಲಿದ್ದರೆ ಆರು ತಿಂಗಳ ಲಾಭಕ್ಕಾಗಿ ಮುಂದಿನ ವರ್ಷಗಳ ಆಧಾರವನ್ನೇ ಕಳೆದುಕೊಂಡಾರು. ಆರನೆಯ ಸೆಮಿಸ್ಟರ್ ಅಂಥವರಿಗೆ ಹೆಚ್ಚು ಯೋಗ್ಯವೆಂದು ತೋರುತ್ತದೆ.

ಮೂರನೆಯದು ಅಂಕಗಳ ವಿಚಾರ. ಅಲ್ಲಿ ಓದಿದ ವಿಷಯಗಳನ್ನು ಇಲ್ಲಿಯ ವಿಶ್ವವಿದ್ಯಾನಿಲಯ ಒಪ್ಪಿಕೊಳ್ಳದಿದ್ದರೆ ಅದೇ ಪರೀಕ್ಷೆಗಳನ್ನು ಇಲ್ಲಿ ಮತ್ತೆ ಬರೆಯಬೇಕಾಗುತ್ತದೆ. ಉಭಯ ಸಂಸ್ಥೆಗಳೂ ಕೂಡಿ ನಡೆಯಿಸುವ ‘ಟ್ವಿನ್ನಿಂಗ್’ ಪದ್ಧತಿಯಲ್ಲಿ ಪದವಿಯ ಒಟ್ಟು ಕ್ರೆಡಿಟ್ಟುಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಹೊರದೇಶದಲ್ಲಿ ಗಳಿಸಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರಲ್ಲಿ ನಿಯಮ ಮಾಡಿದೆ. ನಾಲ್ಕು ವರ್ಷದ ಪದವಿಯಲ್ಲಿ ಒಂದು ಸೆಮಿಸ್ಟರೆಂದರೆ ಎಂಟರಲ್ಲಿ ಒಂದು ಪಾಲು, ಮಿತಿಯೊಳಗೇ ಇದೆ. ಆದರೆ ನಿಯಮವಿದ್ದ ಮಾತ್ರಕ್ಕೆ ಪ್ರತಿಯೊಂದು ಕಾಲೇಜಿನಲ್ಲಿಯೂ ಏರ್ಪಾಡಿದೆಯೆಂದು ತಿಳಿಯಲಾಗದು. ಯಾವ ವಿಷಯಕ್ಕೆ ಬದಲಾಗಿ ಯಾವುದನ್ನು ಓದುವುದೆಂಬುದನ್ನು ಬರೆದು, ವಿದ್ಯಾರ್ಥಿ, ಇಲ್ಲಿಯ ಸಂಸ್ಥೆ, ಅಲ್ಲಿಯ ಸಂಸ್ಥೆ ಮೂವರೂ ರುಜು ಹಾಕುವ ‘ಲರ್ನಿಂಗ್ ಅಗ್ರಿಮೆಂಟ್’ ಎಂಬ ಪತ್ರವುಂಟು. ಅದು ಕೈಗೆ ಬಾರದೆ ವಿಮಾನದ ಟಿಕೀಟು ಕೊಳ್ಳತಕ್ಕದ್ದಲ್ಲ. ಇನ್ನೊಂದು ಸ್ವಾರಸ್ಯ: ಜರ್ಮನಿಯಲ್ಲಿ ‘೧’ ಎಂಬುದು ಅತ್ಯುತ್ತಮ ದರ್ಜೆ, ‘೪’ ಎಂಬುದು ತೇರ್ಗಡೆಯ ಕೊನೆಯ ಮೆಟ್ಟಿಲು, ‘೫’ ಅನುತ್ತೀರ್ಣ. ಒಂದು ಬಂದಿತೆಂದು ಮಗ ತಿಳಿಸಿದರೆ ಮನೆಯವರು ಗಾಬರಿಪಡಬೇಕಾದುದಿಲ್ಲ. ಆದರೆ ಆ ಒಂದು ಇಲ್ಲಿಯ ಪಟ್ಟಿಯಲ್ಲಿ ಎಷ್ಟಾಗುವುದೆಂಬುದನ್ನು ಮುಂಚೆಯೇ ವಿಚಾರಿಸಿಕೊಂಡಿರಬೇಕು.

ನಾಲ್ಕನೆಯದು ದೇಹ ಮನಸ್ಸುಗಳ ಕ್ಷೇಮ. ಡಿಸೆಂಬರ್ ತಿಂಗಳ ಕೊನೆಯಲ್ಲಿ ಬರ್ಲಿನ್ ನಗರದಲ್ಲಿ ಸೂರ್ಯನು ಎಂಟೂಕಾಲರ ಸುಮಾರಿಗೆ ಹುಟ್ಟಿ ನಾಲ್ಕು ಗಂಟೆಯೊಳಗೆ ಮುಳುಗುತ್ತಾನೆ. ಹಗಲು ಎಂಟು ಗಂಟೆಯೂ ಇಲ್ಲ. ಬೆಂಗಳೂರಿನಲ್ಲಿಯಾದರೋ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆಗೆ ಕಡಿಮೆಯಿಲ್ಲ. ಬೆಳಕಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಆ ಕತ್ತಲೆ ಚಳಿಗಿಂತಲೂ ಭಾರವಾಗುವುದುಂಟು. ೧೯೧೪ರಲ್ಲಿ ಕೇಂಬ್ರಿಜ್ಜಿಗೆ ಹೋದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ಶಾಕಾಹಾರದ ತೊಂದರೆ, ಚಳಿ, ಯುದ್ಧಕಾಲದ ಅಭಾವ, ಒಂಟಿತನ ಇವೆಲ್ಲವನ್ನೂ ಅನುಭವಿಸಿ, ಅಲ್ಲಿಯೇ ಕಾಯಿಲೆ ಬಿದ್ದು, ೧೯೧೯ರಲ್ಲಿ ಮರಳಿ ಬಂದು, ಮರುವರ್ಷವೇ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗಣಿತ ಲೋಕಕ್ಕೆ ತಿಳಿದುದು ಆ ಯಾತ್ರೆಯಿಂದಲೇ; ಅವರ ದೇಹ ಸವೆದುದೂ ಅದರಿಂದಲೇ. ಇಂದು ಅಕ್ಕಿಬೇಳೆಗಳು ಅಲ್ಲಿಯ ಪಟ್ಟಣಗಳಲ್ಲಿ ದೊರೆಯುತ್ತವೆ, ವೈದ್ಯರಿದ್ದಾರೆ, ವಿಮೆಯಿದೆ, ಬೇಕೆಂದಾಗ ಮುಖ ನೋಡಿ ಮಾತನಾಡುವ ಸಾಧನವೂ ಪ್ರತಿಯೊಬ್ಬರ ಕೈಯಲ್ಲಿದೆ. ಆದರೆ ಒಂಟಿತನಕ್ಕೆ ಯಾವ ಯಂತ್ರವೂ ಪೂರ್ಣ ಔಷಧವಲ್ಲ. ಹೇಳಿಕೊಳ್ಳದೆ ಒಳಗೇ ಕೊರಗುವ ಸ್ವಭಾವದ ಮಗುವನ್ನು ಕಳುಹಿಸುವ ಮೊದಲು ತಾಯಿತಂದೆಗಳು ಎರಡು ಸಾರಿ ಯೋಚಿಸಬೇಕು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಒಂಟಿತನಕ್ಕೆ ಹೆದರಿ ಹೋದವರು ನಮ್ಮವರನ್ನೇ ಹುಡುಕಿ, ಅವರೊಡನೆಯೇ ವಾಸಿಸಿ, ನಮ್ಮ ಭಾಷೆಯನ್ನೇ ಆಡಿ, ವಾರದ ಕೊನೆಗೆ ಊರೂರು ತಿರುಗಿ ಚಿತ್ರಗಳನ್ನು ತೆಗೆದು ಹಿಂದಿರುಗುತ್ತಾರೆ. ಅದು ತಪ್ಪೆಂದಲ್ಲ, ಆದರೆ ಅದಕ್ಕೆ ಪ್ರವಾಸವೆಂದು ಹೆಸರು, ವ್ಯಾಸಂಗವೆಂದಲ್ಲ. ಪ್ರವಾಸಕ್ಕೆ ಆರು ಲಕ್ಷ ಬೇಕಿಲ್ಲ, ಆರು ತಿಂಗಳೂ ಬೇಕಿಲ್ಲ.

ಹೀಗೆ ಎರಡು ತಟ್ಟೆಗಳನ್ನೂ ತುಂಬಿದ ಮೇಲೆ ಮುಳ್ಳು ಯಾವ ಕಡೆಗೆ ಬಾಗುತ್ತದೆ? ಎಲ್ಲರಿಗೂ ಒಂದೇ ಉತ್ತರ ಹೇಳುವುದು ಸಾಧ್ಯವಿಲ್ಲ. ಆದರೆ ಮೂರು ಮಾತುಗಳು ಕೂಡಿಬಂದರೆ ಕಳುಹಿಸುವುದೇ ಸರಿಯೆಂದು ನಮಗೆ ತೋರುತ್ತದೆ. ಅಲ್ಲಿ ಓದಿದುದು ಇಲ್ಲಿ ಸಲ್ಲುವುದೆಂಬುದಕ್ಕೆ ಬರವಣಿಗೆಯ ಆಧಾರವಿರಬೇಕು. ಖರ್ಚು ಸಾಲವಿಲ್ಲದೆ, ಮತ್ತೊಬ್ಬ ಮಗುವಿನ ಪಾಲನ್ನು ಕಸಿಯದೆ ಸಾಗುವಂತಿರಬೇಕು. ಅಲ್ಲಿಗೆ ಹೋಗಿ ಏನನ್ನು ಕಲಿಯಬೇಕೆಂಬುದನ್ನು ವಿದ್ಯಾರ್ಥಿಯೇ ತನ್ನ ಮಾತಿನಲ್ಲಿ, ಯಾರೂ ಹೇಳಿಕೊಡದೆ, ನಾಲ್ಕು ವಾಕ್ಯಗಳಲ್ಲಿ ಹೇಳಬಲ್ಲವನಾಗಿರಬೇಕು. ಮೊದಲನೆಯದು ಇಲ್ಲವಾದರೆ ವರ್ಷ ಕೆಡುತ್ತದೆ. ಎರಡನೆಯದು ಇಲ್ಲವಾದರೆ ಮನೆ ಕೆಡುತ್ತದೆ. ಮೂರನೆಯದು ಇಲ್ಲವಾದರೆ ಯಾತ್ರೆಯೇ ವ್ಯರ್ಥ.

ಮಗಳ ವಿಷಯದಲ್ಲಿಯೂ ಇವೇ ಮೂರು ಪ್ರಶ್ನೆಗಳನ್ನು ಕೇಳಬೇಕಲ್ಲದೆ ನಾಲ್ಕನೆಯದನ್ನು ಕೇಳಬಾರದು. ‘ಹೆಣ್ಣುಮಕ್ಕಳಿಗೆ ಅಷ್ಟು ದೂರವೇಕೆ?’ ಎಂದು ಹೇಳುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮಗನಿಗೆ ದೂರವಲ್ಲದ ಊರು ಮಗಳಿಗೆ ಮಾತ್ರ ದೂರವಾಗುವುದು ನಕ್ಷೆಯಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ. ಹಾಗೆಯೇ ಹೊರಡುವ ಮೊದಲು ಅನ್ನ, ಸಾರು, ಪಲ್ಯಗಳನ್ನು ಮಾಡುವುದನ್ನು ಮಗಳಿಗೆ ಕಲಿಸುವಂತೆ ಮಗನಿಗೂ ಕಲಿಸಬೇಕು. ಅಲ್ಲಿಯ ಹಸಿವಿಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ಮೂರರಲ್ಲಿ ಒಂದು ಕೂಡಿಬಾರದೆ ನಿಂತರೆ ಅದು ದುಃಖಪಡತಕ್ಕ ವಿಷಯವಲ್ಲ. ಇದೇ ಗುಣಗಳನ್ನು ದೇಶದೊಳಗೆಯೇ ಗಳಿಸಲು ದಾರಿಗಳುಂಟು. ಮೈಸೂರಿನ ಹುಡುಗ ಆರು ವಾರ ಕಲ್ಕತ್ತೆಯಲ್ಲಿಯೋ ಗುವಾಹಟಿಯಲ್ಲಿಯೋ ಒಂದು ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ, ಅಲ್ಲಿಯ ಮಾತನ್ನೂ ಊಟವನ್ನೂ ರೂಢಿಸಿಕೊಂಡು ಬಂದರೆ, ಸ್ವಾವಲಂಬನದ ಪಾಠ ಅವನಿಗೂ ದೊರೆಯುತ್ತದೆ. ಪದವಿ ಮುಗಿದ ಮೇಲೆ ವಿದ್ಯಾರ್ಥಿವೇತನ ಸಂಪಾದಿಸಿ ಹೆಚ್ಚಿನ ವ್ಯಾಸಂಗಕ್ಕೆ ಹೋಗುವ ಮಾರ್ಗ ತೆರೆದೇ ಇರುತ್ತದೆ. ಇಂದು ‘ಬೇಡ’ ಎಂದುದು ಎಂದೆಂದಿಗೂ ‘ಬೇಡ’ ಆಗಬೇಕಾದುದಿಲ್ಲ. ಅದನ್ನು ಹಾಗೆಂದು ಮಕ್ಕಳಿಗೆ ಬಿಡಿಸಿ ಹೇಳುವುದು ಹಿರಿಯರ ಕರ್ತವ್ಯ. ಲೆಕ್ಕವನ್ನು ಮುಚ್ಚಿಟ್ಟು ನಿರಾಕರಿಸಿದರೆ ಮಗುವಿಗೆ ಕಾಣುವುದು ತಂದೆಯ ಹಟ ಮಾತ್ರ. ಲೆಕ್ಕವನ್ನು ಎದುರಿಗಿಟ್ಟು ತಿಳಿಸಿದರೆ ಮನೆಯ ಭಾರ ಕಾಣುತ್ತದೆ.

ಹೋಗುವುದೇ ನಿಶ್ಚಯವಾದರೆ ಒಪ್ಪಿದ ಮೇಲೆ ಅಳುಕಬಾರದು. ಅಲ್ಲಿಂದ ದಿನಕ್ಕೆ ಮೂರು ಸಾರಿ ಸುದ್ದಿ ಬರಬೇಕೆಂದು ಕಾದು ಕುಳಿತರೆ ಮಗು ಅಲ್ಲಿಯೂ ಇರದೆ ಇಲ್ಲಿಯೂ ಇರದೆ ನಡುವೆ ತೂಗಾಡುತ್ತದೆ. ವಾರಕ್ಕೆ ಎರಡು ದಿನ ಗೊತ್ತುಮಾಡಿ, ಆ ಹೊತ್ತಿನಲ್ಲಿ ಮನಸ್ಸು ಬಿಚ್ಚಿ ಮಾತನಾಡಿದರೆ ಸಾಕು. ಕಷ್ಟವನ್ನು ಹೇಳಿಕೊಂಡಾಗ ‘ನೀನೇ ಹೋಗುತ್ತೇನೆಂದೆಯಲ್ಲವೆ’ ಎಂದು ಚುಚ್ಚದೆ ಕೇಳುವ ಸಮಾಧಾನ ಮನೆಯವರಿಗಿರಲಿ. ಹಿಂದಿರುಗಿದ ಮೇಲೆ ಅಲ್ಲಿಯ ರಸ್ತೆ, ಅಲ್ಲಿಯ ಗ್ರಂಥಾಲಯ, ಅಲ್ಲಿಯ ಶಿಸ್ತು ಎಂದು ಕೆಲವು ತಿಂಗಳು ಇಲ್ಲಿಯದನ್ನು ಹಳಿಯುವುದೂ ಉಂಟು, ಅದಕ್ಕೆ ಬೇಸರಪಡಬೇಕಾದುದಿಲ್ಲ. ಕೊರತೆಯನ್ನು ಕಂಡವನೇ ಅದನ್ನು ತುಂಬಲೂ ಬಲ್ಲನು. ಕಂಡುದನ್ನು ಬಾಯಲ್ಲಿ ಬಿಡದೆ ಕೈಗೆ ಇಳಿಸಿದರೆ, ಮನೆಯವರು ತೆತ್ತ ಹಣಕ್ಕೆ ಬಡ್ಡಿಯೂ ಬಂದಂತಾಯಿತು.